ಕಾಂದಿವಲಿಯಿಂದ ಬರ್ಮಾ ಊಟಕ್ಕೆ

ಶನಿವಾರ ಸಂಜೆ ಬಿಸಿಲು ಇಳಿಯುವ ಮೊದಲೇ ನಾನು ಮತ್ತು ನನ್ನ ಮಗ ಸುಧಾಕರ ಮುಂಬಯಿಯ ಕಾಂದಿವಲಿಯ ಮನೆಗೆ ಬೀಗ ಹಾಕಿ ಹೊರಟೆವು. ಹೋಗಬೇಕಾದದ್ದು ಸಾಂತಾಕ್ರೂಜಿಗೆ. ಅಲ್ಲಿ ಬರ್ಮಾದವರ ಒಂದು ಹೋಟೆಲು ಇದೆ, ಐದೇ ಮೇಜಿನದು. ಊಟ ಮಾಡಿ ಬರುವುದು, ಅಷ್ಟೇ ಪ್ರಯಾಣ. ಜನ ಕಾಶಿಗೆ ಹೋಗಿ ಬಂದು ಬರೆಯುತ್ತಾರೆ. ನಾನು ಸಾಂತಾಕ್ರೂಜಿಗೆ ಹೋಗಿ ಬಂದದ್ದನ್ನು ಬರೆಯುತ್ತೇನೆ. ನನ್ನ ಮಟ್ಟಿಗೆ ಕಾಶಿಗಿಂತ ಅದೇ ದೂರ.

ಯಾಕೆಂದರೆ ಎಪ್ಪತ್ತು ದಾಟಿದರೂ ನಾನು ಹೋಟೆಲಿನಲ್ಲಿ ಕುಳಿತು ಊಟ ಮಾಡಿದವಳಲ್ಲ. ನಮ್ಮದು ಹೋಟೆಲಿನವರ ಮನೆ. ಕಾರ್ಕಳದ ಕಡೆಯಿಂದ ಬಂದ ನನ್ನ ಗಂಡ ಫೋರ್ಟಿನ ಒಂದು ಹೋಟೆಲಿನ ಭಟ್ಟಿಯಲ್ಲಿ, ಅಂದರೆ ಒಲೆಯ ಕೋಣೆಯಲ್ಲಿ, ಸಾಯುವ ತನಕ ಸಾಂಬಾರು ಕುದಿಸಿದರು. ಮಗ ಬೊರಿವಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ಹೋಟೆಲಿನವರ ಮನೆಯ ಹೆಂಗಸರು ಹೋಟೆಲಿಗೆ ಕಾಲಿಡುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಅಲ್ಲಿ ಬೇಯಿಸುವವರು ಗಂಡಸರು, ಬಡಿಸುವವರು ಗಂಡಸರು, ಲೋಟ ತೊಳೆಯುವವರೂ ಗಂಡಸರು. ನಮ್ಮ ಪಾಲಿನದು ಪಾರ್ಸೆಲ್ ಆಗಿ ಮನೆಗೆ ಬರುತ್ತದೆ, ತಣಿದು.

ಹೀಗಿರುವಾಗ ಸುಧಾಕರನ ಮಗಳು ರಕ್ಷಾ ಬಿ.ಕಾಂ. ಮುಗಿಸಿ ಆ ಬರ್ಮಾ ಹೋಟೆಲಿನ ಒಲೆಯ ಮುಂದೆ ಹೋಗಿ ನಿಂತಳು. ಅಡಿಗೆ ಕಲಿಯುತ್ತೇನೆ, ಸಂಬಳವೂ ಕೊಡುತ್ತಾರೆ ಎಂದಳು. ಮನೆಯಲ್ಲಿ ದೊಡ್ಡ ರಂಪವಾಯಿತು.

"ನಿನ್ನ ಅಜ್ಜ ಭಟ್ಟಿಯಲ್ಲಿ ಬೆಂದದ್ದು ಸಾಲದಾ? ನಾನು ಭಟ್ಟಿಯಿಂದ ಕೌಂಟರಿಗೆ ಬಂದೆ. ನೀನು ಕೌಂಟರಿನಿಂದ ಎ.ಸಿ.ಗೆ ಹೋಗಬೇಕು. ತಿರುಗಿ ಭಟ್ಟಿಗೆ ಹೋಗುವುದಲ್ಲ" ಎಂದ ಸುಧಾಕರ.

"ಎ.ಸಿ.ಯಲ್ಲಿ ನನಗೆ ನಿದ್ದೆ ಬರ್ತದೆ ಪಪ್ಪಾ" ಎಂದಳು ಅವಳು.

ಅವನು ಮಾತು ಬಿಟ್ಟ. ಬಿಟ್ಟವನು ಸುಮ್ಮನಿರಲಿಲ್ಲ. ಮಲಾಡಿನಲ್ಲಿ ಲೆಕ್ಕದ ಆಫೀಸು ನಡೆಸುವ ಶ್ರೀಧರಣ್ಣನ ಹತ್ತಿರ ಅವಳಿಗೊಂದು ಕುರ್ಚಿ ಹೇಳಿಟ್ಟ. ಸೋಮವಾರ ಸೇರಬೇಕು, ಶನಿವಾರದೊಳಗೆ ಹೌದು ಅಲ್ಲ ಎಂದು ಫೋನ್ ಮಾಡಬೇಕು. ರಕ್ಷಾ ಅತ್ತಳು, ತಟ್ಟೆ ನೂಕಿದಳು, ಕಡೆಗೆ ಒಂದು ಮಾತು ಹೇಳಿದಳು. "ಅಜ್ಜಿ ಒಂದು ಸಲ ಬಂದು ಊಟ ಮಾಡ್ಲಿ. ಅಜ್ಜಿ ಬೇಡ ಅಂದ್ರೆ ನಾನು ಬಿಡ್ತೇನೆ. ಪ್ರಾಮಿಸ್." ಸುಧಾಕರ ಕೂಡಲೇ ಒಪ್ಪಿದ. ಅವನ ಹೆಂಡತಿ ಮಾಡಿದ ಸಾರನ್ನು ಕೂಡ ನಾನು ಇಷ್ಟು ವರ್ಷದಲ್ಲಿ ಹೊಗಳಿದವಳಲ್ಲ. ಹೊರಗಿನವರದ್ದನ್ನು ಹೊಗಳುತ್ತೇನೆಯೇ ಎಂಬುದು ಅವನ ಲೆಕ್ಕ. ಸೊಸೆ ತಂಗಿಯ ಬಾಣಂತನಕ್ಕೆ ಊರಿಗೆ ಹೋಗಿದ್ದಳು, ಇಲ್ಲದಿದ್ದರೆ ಅವಳೂ ಒಂದು ಮಾತು ಹಾಕುತ್ತಿದ್ದಳು.

ರಕ್ಷಾಳಿಗೆ ನಾನು ಮೊದಲೇ ಹೇಳಿದೆ. "ನೋಡು, ಮೊಮ್ಮಗಳೆಂದು ಸುಳ್ಳು ಹೇಳ್ಲಿಕ್ಕಿಲ್ಲ. ಗಬ್ಬು ಇದ್ದರೆ ಗಬ್ಬು ಅಂತಲೇ ಹೇಳ್ತೇನೆ."

"ಅದಕ್ಕೇ ಅಲ್ವಾ ನಿನ್ನನ್ನು ಕರೆದದ್ದು" ಎಂದಳು.

ನಿಜ ಹೇಳಬೇಕೆಂದರೆ ನನಗೆ ಅವಳ ನೌಕರಿಗಿಂತ ಊಟದ್ದೇ ಖುಷಿ. ಮಧ್ಯಾಹ್ನ ಗಂಜಿ ಮಾತ್ರ ಕುಡಿದೆ, ಹೊಟ್ಟೆಯಲ್ಲಿ ಜಾಗ ಇರಲಿ ಎಂದು. ಮದುವೆಗೆ ಉಡುವ ನೀಲಿ ಸೀರೆ ಉಟ್ಟೆ. ಅಕ್ಟೋಬರಿನ ಸೆಖೆ, ರವಕೆ ಬೆನ್ನಿಗೆ ಅಂಟುತ್ತಿತ್ತು, ಆದರೂ ಉಟ್ಟೆ.

ಸಾಂತಾಕ್ರೂಜಿಗೆ ಸ್ಲೋ ಲೋಕಲ್ಲಿಗೆ ಹತ್ತು ರೂಪಾಯಿ ಟಿಕೆಟು. ಸಂಜೆ ಆ ದಿಕ್ಕಿಗೆ ನೂಕುನುಗ್ಗಲು ಕಡಿಮೆ. ನಾನು ಲೇಡೀಸ್ ಡಬ್ಬಿಗೆ ಹತ್ತಿದೆ, ಅವನು ಪಕ್ಕದ ಡಬ್ಬಿಗೆ. ಗಾಡಿ ಬಿಡುವ ಮೊದಲೇ ಅವನ ಫೋನು. "ಅಮ್ಮ, ಹತ್ತಿದೆಯಾ? ಪಾರ್ಲೆಯಲ್ಲಿ ಇಳಿಯಬೇಡ, ಅದರ ಮುಂದಿನದು." ಐವತ್ತು ವರ್ಷ ಲೋಕಲ್ಲಿನಲ್ಲಿ ಓಡಾಡಿದವಳಿಗೆ ಹೇಳುವ ಮಾತೇ ಅದು? ಅವನಿಗೆ ಹೆದರಿಕೆಯಾದಾಗ ಇನ್ನೊಬ್ಬರಿಗೆ ದಾರಿ ಹೇಳುತ್ತಾನೆ. "ಹತ್ತಿದ್ದೇನೆ ಮಾರಾಯ, ಇಡು ಫೋನು" ಎಂದೆ.

ನನ್ನ ಕನ್ನಡ ಕೇಳಿ ಎದುರು ಸೀಟಿನ ಹೆಂಗಸು ತಲೆ ಎತ್ತಿದಳು. ಮಡಿಲಲ್ಲಿ ಮೆಂತ್ಯ ಸೊಪ್ಪು ಹರಡಿಕೊಂಡು ಎಲೆ ಬಿಡಿಸುತ್ತಿದ್ದಳು. ವಿಜಾಪುರದವಳಂತೆ, ಅಂಧೇರಿಯಲ್ಲಿ ಮನೆ.

"ಎಲ್ಲಿಗ್ರೀ ಅಜ್ಜಿ, ಇಷ್ಟು ಚಂದ ಸೀರಿ ಉಟ್ಕೊಂಡು? ಲಗ್ನಕ್ಕೇನು?"

"ಊಟಕ್ಕೆ. ಬರ್ಮಾದವರ ಹೋಟೆಲಿಗೆ."

"ಬರ್ಮಾ ಎಲ್ಲಿ ಬರ್ತದ್ರೀ? ದಾದರ್ ದಾಟಿ?"

"ಕಲ್ಕತ್ತ ದಾಟಿ."

"ಅಯ್ಯ ಶಿವನ. ಹಾವು ಚೇಳು ಏನರ ಹಾಕ್ಯಾರು, ಕೇಳಿ ತಿನ್ರಿ."

"ಹಾವು ರುಚಿಯಿದ್ದರೆ ನಿಮಗೂ ಹೇಳ್ತೇನೆ" ಎಂದೆ. ಅವಳು ನಕ್ಕ ರಭಸಕ್ಕೆ ಅರ್ಧ ಮೆಂತ್ಯ ಕೆಳಗೆ ಬಿತ್ತು. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ, ಒಂದು ಕಟ್ಟು ತೆಗೆದುಕೊಂಡು ನಾನೂ ಬಿಡಿಸಿದೆ. ಅಂಧೇರಿಯಲ್ಲಿ ಅವಳು ಸ್ವಚ್ಛವಾದ ಸೊಪ್ಪಿನ ಚೀಲ ಹಿಡಿದು ಇಳಿದಳು. ನನ್ನ ಕೈಗೆಲ್ಲ ಮೆಂತ್ಯದ ಕಹಿ ವಾಸನೆ.

ಸಾಂತಾಕ್ರೂಜಿನಲ್ಲಿ ಪೂರ್ವಕ್ಕೆ ಇಳಿದೆವು. ರಿಕ್ಷಾದವರು ಹತ್ತಿರದ ಬಾಡಿಗೆಗೆ ತಲೆ ಅಲ್ಲಾಡಿಸಿದರು, ನಡೆದೇ ಹೋದೆವು. ನೆತ್ತಿಯ ಮೇಲೆ ಒಂದರ ಹಿಂದೆ ಒಂದು ವಿಮಾನ ಇಳಿಯುತ್ತಿತ್ತು. ಇಸ್ತ್ರಿ ಅಂಗಡಿ, ಬೀಗದ ಕೈ ಮಾಡುವವನು, ಅವರಿಬ್ಬರ ನಡುವೆ ಒಂದು ಕಿರಾಣಿ ಅಂಗಡಿಯಷ್ಟು ಅಗಲದ ಬಾಗಿಲು. ಅದೇ ಹೋಟೆಲು. ಮೇಲೆ ಬೋರ್ಡು ನೋಡಿ ನನಗೆ ಬಹಳ ಸಂತೋಷವಾಯಿತು, ಕನ್ನಡದಲ್ಲಿ ಬರೆದಿದ್ದಾರಲ್ಲ ಎಂದು. ಗುಂಡು ಗುಂಡು ಅಕ್ಷರ. ನಿಂತು ಕೂಡಿಸಿ ಓದಲು ನೋಡಿದೆ, ಒಂದೂ ಬಾಯಿಗೆ ಬರಲಿಲ್ಲ. ಕಲಿತ ನಾಲ್ಕು ಅಕ್ಷರವೂ ಮರೆತುಹೋಯಿತೇ ಎಂದು ಗಾಬರಿ.

"ಅಮ್ಮ, ಅದು ಅವರ ಲಿಪಿ" ಎಂದ ಸುಧಾಕರ.

"ನಮ್ಮದರ ಹಾಗೆ ಯಾಕೆ ಇಟ್ಟುಕೊಂಡಿದ್ದಾರೆ ಮತ್ತೆ?" ಎಂದೆ. ಅವನು ಒಳಗೆ ನಡೆದ.

ಒಡತಿಯ ಹೆಸರು ಸಾನ್ ಸಾನ್. ನನ್ನ ಭುಜದಷ್ಟೇ ಎತ್ತರ. ಕೆನ್ನೆಗೆ ನಾವು ಗಂಧ ತೇಯ್ದು ಹಚ್ಚುವ ಹಾಗೆ ಹಳದಿಯದೇನೋ ಹಚ್ಚಿದ್ದಳು, ಸೆಖೆಗೆ ತಂಪಂತೆ. ರಂಗೂನಿನ ಕಡೆಯವಳು, ತಮಿಳಿನವನನ್ನು ಮದುವೆಯಾಗಿ ಮುಂಬಯಿಗೆ ಬಂದವಳು. ಅವಳ ಹಿಂದಿ ನನ್ನ ಹಿಂದಿಯಷ್ಟೇ ಹರಕು, ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಯಿತು. ಮೂಲೆಯ ಮೇಜಿನಲ್ಲಿ ಕೂರಿಸಿದಳು. ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯ ಆಚೆ ಅಡಿಗೆಮನೆ, ಅಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ರಕ್ಷಾ. ಒಮ್ಮೆ ನೋಡಿದಳು. ನಗಲಿಲ್ಲ. ಹೆದರಿದ್ದಾಳೆ ಎಂದು ತಿಳಿಯಿತು.

ಸುಧಾಕರ ಕೂತವನೇ ಮೇಜಿನ ಅಡಿಗೆ ಬೆರಳು ಎಳೆದು ಜಿಡ್ಡು ನೋಡಿದ. ಫ್ಯಾನಿನ ರೆಕ್ಕೆ ನೋಡಿದ. ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ.

"ಏನಾದರೂ ಸಿಕ್ಕಿತಾ?" ಎಂದೆ.

"ಇನ್ನೂ ಇಲ್ಲ" ಎಂದ, ಬೇಸರದಿಂದ.

ನಮ್ಮ ಹೋಟೆಲುಗಳ ಹಾಗೆ ಒಂದಾದ ಮೇಲೆ ಒಂದು ಬರುವುದಲ್ಲ ಅಲ್ಲಿ. ಎಲ್ಲವೂ ಒಟ್ಟಿಗೆ ಬಂತು. ಸೋರೆಕಾಯಿಯ ಉದ್ದುದ್ದ ಬಜ್ಜಿ. ಚಹಾ ಎಲೆಯನ್ನು ಹುಳಿ ಬರಿಸಿ, ಹುರಿದ ಕಡಲೆಕಾಯಿ, ಬೆಳ್ಳುಳ್ಳಿ, ಎಳ್ಳು ಹಾಕಿ ಕಲಸಿದ್ದು. ಮತ್ತೆ ಎರಡು ದೊಡ್ಡ ಬಟ್ಟಲಿನಲ್ಲಿ ಮೊಹಿಂಗಾ. ರಕ್ಷಾ ಮಾಡಿದ್ದು ಈ ಮೊಹಿಂಗಾ. ಹೇಳಬೇಕೆಂದರೆ ಮೀನಿನ ಮಂದ ಸಾರಿನಲ್ಲಿ ಮುಳುಗಿಸಿದ ಅಕ್ಕಿ ಶ್ಯಾವಿಗೆ, ಮೇಲೆ ಮೊಟ್ಟೆ, ಕೊತ್ತಂಬರಿ, ಲಿಂಬೆ. ನೂರ ನಲವತ್ತು ರೂಪಾಯಿ ಒಂದು ಬಟ್ಟಲಿಗೆ. ಹಬೆ ಮೂಗಿಗೆ ಬಡಿಯಿತು. ಬಾಯಲ್ಲಿ ನೀರು ಬಂತು.

ತಟ್ಟೆ ಮೇಜಿಗೆ ಬಂದ ಕೂಡಲೇ ನಾನು ಎದ್ದು ನಿಂತೆ. ನಮ್ಮಲ್ಲಿ ಹಾಗೆಯೇ. ಗಂಡಸರು ಕೂರುತ್ತಾರೆ, ನಾವು ನಿಂತು ಬಡಿಸುತ್ತೇವೆ, ಎಲ್ಲರದೂ ಆದ ಮೇಲೆ ನಮ್ಮದು. ಸುಧಾಕರನ ತಟ್ಟೆಗೆ ನಾಲ್ಕು ಬಜ್ಜಿ ಹಾಕಿದೆ. ಪಕ್ಕದ ಮೇಜಿನಲ್ಲಿ ಮೂವರು ಆಫೀಸಿನ ಹುಡುಗಿಯರು ಇನ್ನೂ ಏನೂ ಬಾರದೆ ಬರಿಗೈಯಲ್ಲಿ ಕೂತಿದ್ದರು. ಅವರಿಗೂ ಎರಡೆರಡು ಹಾಕಿದೆ. ಒಬ್ಬಳು "ಥ್ಯಾಂಕ್ ಯೂ ಆಂಟಿ" ಎಂದು ತಿಂದೇಬಿಟ್ಟಳು. ಜಾಗ ಅಷ್ಟು ಇಕ್ಕಟ್ಟು, ನಾನು ನಿಂತರೆ ಹಿಂದೆ ಯಾರೂ ದಾಟುವ ಹಾಗಿಲ್ಲ. ಬಾಗಿಲಲ್ಲಿ ಇಬ್ಬರು ಕಾಯುತ್ತಾ ನಿಂತರು.

ಸುಧಾಕರ ಚಮಚ ಎತ್ತಿದ. ಸಾನ್ ಸಾನ್ ಓಡಿಬಂದು ಅಡ್ಡ ಕೈ ಹಿಡಿದಳು. "ನಹೀ ನಹೀ. ಪೆಹಲೆ ಮಾಜಿ." ಮೊದಲು ಅಮ್ಮ ತಿನ್ನಬೇಕಂತೆ.

"ಅವನದ್ದಾಗಲಿ. ನನ್ನದು ಆಮೇಲೆ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. ಅವರಲ್ಲಿ ಮೇಜಿನಲ್ಲಿರುವ ಹಿರಿಯರು ಮೊದಲು ತಿನ್ನದೆ ಉಳಿದವರ ಕೈ ತಟ್ಟೆಗೆ ಹೋಗುವುದಿಲ್ಲವಂತೆ. ಮನೆಯಲ್ಲಿ ಹಿರಿಯರು ಯಾರೂ ಇಲ್ಲದಿದ್ದರೆ ಅವರ ಹೆಸರಿನಲ್ಲಿ ಮೊದಲ ತುತ್ತನ್ನು ಬದಿಗಿಟ್ಟು ಆಮೇಲೆ ಊಟ. ನೀವು ಬದುಕಿರುವಾಗ ಬದಿಗಿಡುವುದು ಹೇಗೆ ಎಂದು ಕೇಳಿದಳು.

"ನಮ್ಮಲ್ಲಿ ಅಡಿಗೆ ಮಾಡಿದವಳು ಕೊನೆಗೆ" ಎಂದೆ.

"ಇವತ್ತು ನೀವು ಮಾಡಿಲ್ಲವಲ್ಲ" ಎಂದಳು.

ನಾನು ಇನ್ನೊಂದು ಬಜ್ಜಿ ಎತ್ತಿ ಸುಧಾಕರನ ತಟ್ಟೆಗೆ ಹಾಕಿದೆ. ಅವನು ಚಮಚ ಹಿಡಿದುಕೊಂಡೇ ಇದ್ದ. ಎತ್ತಿದರೆ ಅವಳ ಮರ್ಯಾದೆಗೆ ಕಡಿಮೆ, ಎತ್ತದಿದ್ದರೆ ಹೊಟ್ಟೆಗೆ ಕಡಿಮೆ. "ಅಮ್ಮ, ಕೂತುಕೋ" ಎಂದ. "ನೀನು ಮಾಡು" ಎಂದೆ. "ಇವಳು ಬಿಡ್ತಾ ಇಲ್ವಲ್ಲ" ಎಂದ. "ಸಾರು ಆಮೇಲೆ ತಿಂದರೂ ಆಗ್ತದೆ, ಮೊದಲು ಒಂದು ಬಜ್ಜಿ ಮುರಿ" ಎಂದೆ. ಹೀಗೆ ನಾವು ತಾಯಿ ಮಗ ಉಪಚಾರ ಮಾಡಿಕೊಳ್ಳುತ್ತಿರುವಾಗ ಬಟ್ಟಲಿನಲ್ಲಿ ಶ್ಯಾವಿಗೆ ಸಾರು ಕುಡಿದು ಕುಡಿದು ಉಬ್ಬುತ್ತಿತ್ತು.

ಕಿಂಡಿಯಿಂದ ರಕ್ಷಾಳ ಮುಖ ಹೊರಗೆ ಬಂತು. "ಅಜ್ಜೀ. ತಿಂತೀಯಾ ಇಲ್ವಾ? ನೂಡಲ್ಸ್ ಫೂಲ್ ಜಾಯೇಗಾ. ಮಧ್ಯಾಹ್ನದಿಂದ ಕುದಿಸಿದ್ದೇನೆ ನಾನು. ಹಾಳಾದ ಮೇಲೆ ತಿಂದು ಗಬ್ಬು ಅಂತ ಹೇಳ್ತೀಯಾ?"

ಅದು ನ್ಯಾಯದ ಮಾತು. ಕೂತೆ. ಚಮಚ ಎತ್ತಿದೆ. ಸುಧಾಕರ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದ. ಸಾನ್ ಸಾನ್ ನೋಡುತ್ತಿದ್ದಳು. ಪಕ್ಕದ ಮೇಜಿನ ಹುಡುಗಿಯರೂ ತಿನ್ನುವುದು ಬಿಟ್ಟು ನೋಡಿದರು. ಹಸಿದ ಮಗನ ಎದುರು ಬಾಯಿ ಆಡಿಸುವುದೆಂದರೆ ಎಷ್ಟು ನಾಚಿಕೆ ಎಂದು ಮಾಡಿದವರಿಗೇ ಗೊತ್ತು.

ಮೊದಲ ಚಮಚಕ್ಕೆ ನಾಲಿಗೆ ಸುಟ್ಟಿತು, ಏನೂ ತಿಳಿಯಲಿಲ್ಲ. ಎರಡನೆಯದಕ್ಕೆ ಶುಂಠಿ ಬಂತು, ಅದರ ಹಿಂದೆ ನಿಂಬೆಹುಲ್ಲು, ಹುರಿದ ಅಕ್ಕಿ ಹಿಟ್ಟಿನ ಘಮ. ಹಲ್ಲಿಗೆ ಮೆತ್ತಗಿನದೊಂದು ಸಿಕ್ಕಿತು, ಬಾಳೆದಿಂಡು. ನಾವು ಪಲ್ಯ ಮಾಡುವ ಬಾಳೆದಿಂಡನ್ನು ಮೀನಿನ ಸಾರಿಗೆ ಹಾಕಬಹುದೆಂದು ನನಗೆ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ?

"ಹೇಗುಂಟು?" ಎಂದ ಸುಧಾಕರ.

"ದಿಂಡಿನ ನಾರು ಸರಿಯಾಗಿ ತೆಗೆದಿಲ್ಲ. ಹಲ್ಲಿಗೆ ಸಿಕ್ಕಿತು" ಎಂದೆ.

ಅವನ ಮುಖ ಅರಳಿತು. ಕಿಂಡಿಯಲ್ಲಿ ಅವಳ ಮುಖ ಬಾಡಿತು.

"ಮತ್ತೆ ಮೀನೇ ಇಲ್ಲ. ಮೀನಿನ ಸಾರಂತೆ, ಒಂದು ತುಂಡಾದರೂ ಬೇಡವಾ?"

"ಅಜ್ಜಿ, ಮೀನನ್ನು ಬೇಯಿಸಿ ಮುಳ್ಳು ತೆಗೆದು ಪೂರಾ ಸಾರಿಗೇ ಕಲಸುವುದು. ನೀನು ತಿನ್ನುತ್ತಿರುವುದೇ ಮೀನು" ಎಂದಳು ಅಲ್ಲಿಂದಲೇ.

ತಿರುಗಿ ಕುಡಿದೆ. ಹೌದು. ಸಾರಿನ ಮಂದ ಎಲ್ಲ ಮೀನೇ. ನನ್ನದೇ ತಪ್ಪು. ಚಮಚ ಸಾಲದೆಂದು ಬಟ್ಟಲು ಎತ್ತಿ ಕುಡಿದೆ. ನಾನು ತಿಂದದ್ದಾಯಿತಲ್ಲ, ಸುಧಾಕರನಿಗೆ ಅಪ್ಪಣೆ ಸಿಕ್ಕಿತು. ಅವನು ಒಂದು ಬಟ್ಟಲು ಮುಗಿಸಿ ಕೇಳದೆಯೇ ಇನ್ನೊಂದಕ್ಕೆ ಬೆರಳೆತ್ತಿದ. ನಾನೂ ಎತ್ತಿದೆ. ಚಹಾ ಎಲೆಯದು ಮಾತ್ರ ನನಗೆ ಹಿಡಿಸಲಿಲ್ಲ. ಮೊದಲು ಕಹಿ, ಆಮೇಲೆ ಹುಳಿ, ಆಮೇಲೆ ನಿದ್ದೆ ಹಾರಿಹೋಗುವಂಥದ್ದು. ಸಾನ್ ಸಾನ್‌ಗೆ ನೇರ ಹೇಳಿದೆ, ಇದನ್ನು ಕುದಿಸಿ ಹಾಲು ಸಕ್ಕರೆ ಹಾಕಿದ್ದರೆ ಚೆನ್ನಾಗಿತ್ತು ಎಂದು. ಅವಳು ಮೇಜು ಬಡಿದು ನಕ್ಕಳು.

ತಿಂದಾದ ಮೇಲೆ ಭಟ್ಟಿ ನೋಡಬೇಕು ಎಂದೆ.

"ಅಲ್ಲಿ ಎಂತ ನೋಡ್ಲಿಕ್ಕುಂಟು ನಿನಗೆ?" ಎಂದ ಸುಧಾಕರ.

"ಗೊತ್ತಿಲ್ಲ. ಅದಕ್ಕೇ ನೋಡುವುದು."

ಪರದೆ ಸರಿಸಿ ಒಳಗೆ ಹೋದೆ. ಎರಡು ಮಂಚದ ನಡುವಿನ ಜಾಗದಷ್ಟು ಕೋಣೆ. ಮೂರು ಒಲೆ, ಮೂರೂ ಉರಿಯುತ್ತಿದ್ದವು. ಹೊಗೆ ಎಳೆಯುವ ಫ್ಯಾನು ತಿರುಗುತ್ತಿತ್ತು, ಎಳೆಯುತ್ತಿರಲಿಲ್ಲ. ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಯಿತು. ಇಂಥದ್ದರಲ್ಲಿ ನನ್ನ ಗಂಡ ನಿಂತಿದ್ದರಲ್ಲ. ಮನೆಗೆ ಬಂದು ಒಂದು ಮಾತಾಡದೆ ಮಲಗಿಬಿಡುತ್ತಿದ್ದರು. ಜಂಬದ ಮನುಷ್ಯ ಎಂದು ನಾನು ತಿಳಿದುಕೊಂಡಿದ್ದೆ. ಜಂಬವೂ ಇತ್ತು ಬಿಡಿ, ಆದರೆ ಸೆಖೆಯೂ ಇತ್ತು.

ರಕ್ಷಾ ತಿರುಗಿ ನೋಡಿದಳು. ಅಷ್ಟರಲ್ಲಿ ಕಿಂಡಿಯಿಂದ ಸಾನ್ ಸಾನ್ ಒಟ್ಟಿಗೇ ಐದಾರು ತಿಂಡಿಯ ಹೆಸರು ಕೂಗಿದಳು. ಬಾಗಿಲಲ್ಲಿ ಕಾಯುತ್ತಿದ್ದವರು ಕೂತಿದ್ದರು. ರಕ್ಷಾ ಒಂದು ಕೈಯಲ್ಲಿ ಶ್ಯಾವಿಗೆ ಬಿಸಿನೀರಿಗಿಳಿಸಿದಳು, ಇನ್ನೊಂದರಲ್ಲಿ ಎಣ್ಣೆಗೆ ಸೋರೆಕಾಯಿ ಬಿಟ್ಟಳು. ಮುಂಗೈಯಲ್ಲಿ ಹಳೆಯದೊಂದು ಸುಟ್ಟ ಗೆರೆ, ಹೊಸದೊಂದು. ನಾನು ಒಲೆಯ ಎದುರೇ ನಿಂತಿದ್ದೆ, ಸಾರಿನ ಪಾತ್ರೆಗೆ ಇಣುಕುತ್ತಾ.

"ಅಜ್ಜಿ, ಸೈಡ್" ಎಂದಳು.

ನಾನು ಕೇಳಿಸಿಕೊಳ್ಳಲಿಲ್ಲ. ಅವಳು ಮೊಣಕೈಯಿಂದ ನನ್ನನ್ನು ಗೋಡೆಗೆ ನೂಕಿದಳು. ಜೋರಾಗಿಯೇ. ನೂಕಿದ್ದು ಅವಳಿಗೆ ಗೊತ್ತೂ ಆಗಲಿಲ್ಲ. ಸೌಟು ಪಾತ್ರೆಯ ತಳಕ್ಕೆ ಹೋಗಿ ಮೇಲೆ ಬಂತು, ಬಟ್ಟಲು ತುಂಬಿತು, ಕಿಂಡಿಗೆ ಹೋಯಿತು, ಇನ್ನೊಂದು ಬಟ್ಟಲು. ನಾನು ಬಂದದ್ದು ಯಾಕೆ, ಅವಳ ಅಪ್ಪ ಹೊರಗೆ ಕೂತದ್ದು ಯಾಕೆ, ಸೋಮವಾರ ಏನಾಗುವುದಿದೆ, ಯಾವುದೂ ಅವಳ ತಲೆಯಲ್ಲಿರಲಿಲ್ಲ. ಹದಿನೆಂಟನೆಯ ವರ್ಷಕ್ಕೆ ಮದುವೆಯಾಗಿ ಬಂದ ಮೇಲೆ ಒಲೆಯ ಮುಂದಿನಿಂದ ನನ್ನನ್ನು ಸರಿಸಿದವರು ಯಾರೂ ಇಲ್ಲ. ಅತ್ತೆಯಿಂದಲೂ ಆಗಿರಲಿಲ್ಲ. ಗೋಡೆಗೆ ಒರಗಿ ಸ್ವಲ್ಪ ಹೊತ್ತು ನೋಡಿದೆ. ಬೆವರು ಕಣ್ಣಿಗಿಳಿಯಿತು. ಹೊರಗೆ ಬಂದೆ.

ಸುಧಾಕರ ಹಣ ಕೊಟ್ಟ. ಸಾನ್ ಸಾನ್ ಮನೆಯವರೆಂದು ಒಂದು ರೂಪಾಯಿ ಬಿಡಲಿಲ್ಲ. ಅದು ನನಗೆ ಸರಿ ಕಂಡಿತು. ಬಾಗಿಲ ತನಕ ಬಂದು "ಹುಡುಗಿಗೆ ಸಿಟ್ಟು ಜಾಸ್ತಿ" ಎಂದಳು. "ಗೊತ್ತುಂಟು" ಎಂದೆ. ಕಿಂಡಿಯ ಕಡೆ ಒಮ್ಮೆ ನೋಡಿದೆ. ಬಟ್ಟೆ ಕಟ್ಟಿದ ತಲೆ ಬಗ್ಗಿಯೇ ಇತ್ತು.

ಪ್ಲಾಟ್‌ಫಾರ್ಮಿನಲ್ಲಿ ಸುಧಾಕರ ಫೋನು ಕೈಗೆ ತೆಗೆದುಕೊಂಡ. "ಶ್ರೀಧರಣ್ಣ ಕಾಯ್ತಾ ಇರ್ತಾರೆ. ಹೇಳು."

"ನಾರು ತೆಗೆಯಲು ಬರುವುದಿಲ್ಲ ಅವಳಿಗೆ. ಫ್ಯಾನು ದಂಡ. ಅಲ್ಲಿ ನಿಂತರೆ ನಲವತ್ತಕ್ಕೆ ನಿನ್ನ ಅಪ್ಪನ ಹಾಗೆ ಕಾಲು ನರ ಉಬ್ಬುತ್ತದೆ" ಎಂದೆ.

"ಅಂದ್ರೆ ಬೇಡ."

"ಅಂದ್ರೆ ಫ್ಯಾನು ಸರಿ ಮಾಡಿಸಲು ಹೇಳು. ನಿನಗೆ ಆ ಕೆಲಸದವರ ಗುರ್ತ ಉಂಟಲ್ಲ. ಅವಳು ಅಲ್ಲೇ ಇರಲಿ."

ಅವನು ಹಳಿಯ ಕಡೆ ನೋಡಿದ. "ಜನ ಕೇಳಿದ್ರೆ?"

"ಎರಡು ಬಟ್ಟಲು ತಿಂದವನು ನೀನು. ಜನಕ್ಕೆ ಅದನ್ನು ಹೇಳು."

ಅವನು ಫೋನ್ ಮಾಡಿದ. ನಾನು ಪಕ್ಕದಲ್ಲೇ ನಿಂತಿದ್ದೆ, ಎಲ್ಲ ಕೇಳಿಸುತ್ತಿತ್ತು. "ಶ್ರೀಧರಣ್ಣ, ನಮ್ಮ ಹುಡುಗಿ ಬರುವುದಿಲ್ಲ ಮಾರಾಯ್ರೇ... ಬೇಸರ ಮಾಡಬೇಡಿ... ಇಲ್ಲ, ಬೇರೆ ಕಡೆ ಸೇರಿದ್ದಾಳೆ... ಹೋಟೆಲಿನಲ್ಲಿ." ಆ ಕಡೆಯಿಂದ ಏನೋ ಕೇಳಿದರು. "ಹ್ಞಾಂ, ಕೌಂಟರಿನಲ್ಲಿ" ಎಂದ.

ನಾನು ಅವನ ಮುಖ ನೋಡಿದೆ. ಅವನು ನನಗೆ ಬೆನ್ನು ಹಾಕಿದ. ಗಾಡಿಯ ದೀಪ ದೂರದಲ್ಲಿ ಕಾಣಿಸಿತು.

"ಅಲ್ಲ ಅಲ್ಲ, ಕೌಂಟರಿನಲ್ಲಿ ಅಲ್ಲ" ಎಂದ. "ಭಟ್ಟಿಯಲ್ಲಿ. ನಮ್ಮ ರಕ್ಷಾಳೇ. ಹೌದು, ಅಡಿಗೆಗೆ."

ಗಾಡಿ ಬಂದು ನಿಂತಿತು. ನಾನು ಲೇಡೀಸ್ ಡಬ್ಬಿಗೆ ಹತ್ತಿ ಕಿಟಕಿಯ ಪಕ್ಕ ಕೂತೆ. ಹೊರಗೆ ನೋಡಿದರೆ ಅವನು ನಿಂತಲ್ಲೇ ಇದ್ದ. "ಹೇಳ್ತೇನೆ ಕೇಳಿ, ಅದರಲ್ಲಿ ಮೀನು ಕಾಣ್ಲಿಕ್ಕೇ ಇಲ್ಲ, ಪೂರಾ ಸಾರಿಗೇ..." ಎನ್ನುವುದು ಕೇಳಿಸಿತು. ಗಾಡಿ ಅಲುಗಿತು. ಕೂಗಿದೆ, ಕೈ ಬೀಸಿದೆ. ಅವನು ನೋಡಲಿಲ್ಲ. ಪ್ಲಾಟ್‌ಫಾರ್ಮು ಹಿಂದೆ ಸರಿಯುವಾಗ ಅವನ ಬಲಗೈ ಗಾಳಿಯಲ್ಲಿ ಗುಂಡಗೆ ತಿರುಗುತ್ತಿತ್ತು, ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ.